ಹುಲ್ಲು ಬಿಟ್ಟುಕೊಟ್ಟ ಊರು

ದೇವರ ಪೆಟ್ಟಿಗೆಯ ಸಾಲಿಗ್ರಾಮವನ್ನು ಕೈಗೆತ್ತಿಕೊಂಡು ನೋಡಿದವರಿಗೆ ಅದರ ಸುರುಳಿ ಗೊತ್ತು. ಕರಿಯ ನುಣುಪು ಕಲ್ಲು, ಬಾಯಿ ತೆರೆದ ಕಡೆ ಚಕ್ರದಂತೆ ಸುತ್ತಿಕೊಂಡ ಗೆರೆಗಳು. ಹಿರಿಯರು ಅದರಲ್ಲಿ ವಿಷ್ಣುವಿನ ಚಕ್ರ ಕಂಡರು. ಭೂವಿಜ್ಞಾನಿಗಳು ಅದನ್ನು ಅಮ್ಮೊನೈಟ್ ಎನ್ನುತ್ತಾರೆ. ಕಡಲಲ್ಲಿ ಬಾಳಿ, ಡೈನೋಸಾರ್‌ಗಳ ಕಾಲ ಮುಗಿದಾಗ ತಾನೂ ಅಳಿದುಹೋದ ಒಂದು ಜೀವಿಯ ಚಿಪ್ಪು ಅದು. ನಮ್ಮ ಮನೆಗಳಿಗೆ ಬಂದಿರುವ ಸಾಲಿಗ್ರಾಮ ನೇಪಾಳದ ಗಂಡಕಿಯದು. ಅದೇ ಕಡಲಿನ, ಅದೇ ಕಾಲದ ಕಲ್ಲು ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯಲ್ಲೂ ಇದೆ. ಅಲ್ಲಿ ಲಾಂಗ್ಜಾ ಎಂಬ ಹಳ್ಳಿ ಸಮುದ್ರಮಟ್ಟದಿಂದ ಸುಮಾರು 4,400 ಮೀಟರ್ ಎತ್ತರದಲ್ಲಿದೆ. ಹಳ್ಳಿಯ ಸುತ್ತಲಿನ ಕಪ್ಪು ಪದರಗಲ್ಲಿನ ಇಳಿಜಾರಿನಿಂದ ಗುಂಡನೆಯ ಉಂಡೆಗಳು ಕಳಚಿ ಉರುಳುತ್ತವೆ. ಹಿಮಕ್ಕೂ ಬಿಸಿಲಿಗೂ ಸಿಕ್ಕಿ ಒಂದು ಉಂಡೆ ಎರಡು ಹೋಳಾದರೆ, ಸುಮಾರು 15 ಕೋಟಿ ವರ್ಷ ಬೆಳಕು ಕಾಣದಿದ್ದ ಸುರುಳಿ ಹೊರಬರುತ್ತದೆ.

ಇಷ್ಟು ಎತ್ತರದಲ್ಲಿ ಕಡಲ ಚಿಪ್ಪು ಹೇಗೆ ಬಂತು? ಭಾರತದ ನೆಲ ಉತ್ತರಕ್ಕೆ ಸರಿದು ಏಷ್ಯಾಕ್ಕೆ ಒತ್ತಿಕೊಳ್ಳುವ ಮೊದಲು ನಡುವೆ ಟೆಥಿಸ್ ಎಂಬ ಸಾಗರವಿತ್ತು. ಒತ್ತಡಕ್ಕೆ ಅದರ ತಳವೇ ಮಡಚಿ ಮೇಲೆದ್ದು ಹಿಮಾಲಯದ ಭಾಗವಾಯಿತು. ಸ್ಪಿತಿಯಲ್ಲಿ ಮರಗಿಡಗಳ ಮುಸುಕಿಲ್ಲ. ಹಾಗಾಗಿ ಆ ಸಾಗರದ ತಳ ಪುಸ್ತಕ ಬಿಚ್ಚಿಟ್ಟಂತೆ ಪದರ ಪದರವಾಗಿ ಕಾಣುತ್ತದೆ. ಜಿಯಾಲಾಜಿಕಲ್ ಸರ್ವೆ ಆಫ್ ಇಂಡಿಯಾದ ಫರ್ಡಿನೆಂಡ್ ಸ್ಟೊಲಿಚ್ಕ 1860ರ ದಶಕದಲ್ಲೇ ಇಲ್ಲಿ ಅಲೆದು ಈ ಪದರಗಳನ್ನು ವಿವರಿಸಿದರು. ಹತ್ತು ವರ್ಷದ ನಂತರ, 1874ರಲ್ಲಿ, ಮಧ್ಯ ಏಷ್ಯಾದ ಯಾರ್ಕಂದಿನಿಂದ ಮರಳುವಾಗ ಲಡಾಖಿನ ಎತ್ತರದಲ್ಲಿ ಕಾಯಿಲೆ ಬಿದ್ದು ತೀರಿಕೊಂಡರು. ಬೆಟ್ಟಗಳನ್ನು ಓದಲು ಹೋದವರು ಬೆಟ್ಟದಲ್ಲೇ ಉಳಿದರು.

ಮುಸುಕಿಲ್ಲದಿರಲು ಕಾರಣ ನಮಗೆ ಪರಿಚಿತವೇ. ಆಗುಂಬೆಯಲ್ಲಿ ಸುರಿದು ಹಗುರಾದ ಮೋಡ ಚಳ್ಳಕೆರೆಗೆ ಬರುವಾಗ ಬರಿಗೈಯಲ್ಲಿ ಬರುತ್ತದೆ. ಸ್ಪಿತಿಗೆ ಅಡ್ಡ ನಿಂತಿರುವುದು ಸಹ್ಯಾದ್ರಿಯಲ್ಲ, ಹಿಮಾಲಯವೇ. ಮುಂಗಾರು ಶಿಖರಗಳ ಆಚೆಯೇ ಖಾಲಿಯಾಗುತ್ತದೆ. ಕಣಿವೆಗೆ ದಕ್ಕುವುದು ಚಳಿಗಾಲದ ಹಿಮ. ಅದು ಬೇಸಿಗೆಯಲ್ಲಿ ಕರಗಿದ ನೀರನ್ನು 'ಕೂಲ್' ಎಂಬ ಕಿರುಗಾಲುವೆಗಳಲ್ಲಿ ತಿರುಗಿಸಿ ಜನ ಬಾರ್ಲಿ ಮತ್ತು ಬಟಾಣಿ ಬೆಳೆಯುತ್ತಾರೆ. ಚಳಿಗಾಲದಲ್ಲಿ ತಾಪಮಾನ ಸೊನ್ನೆಗಿಂತ 30 ಡಿಗ್ರಿ ಕೆಳಗಿಳಿಯುವುದುಂಟು. ಮರುಭೂಮಿ ಎಂದರೆ ಸುಡುವ ಮರಳು ಎಂದು ಕಲಿತ ನಮಗೆ ಇದು ಬೇರೆ ಬಗೆಯ ಮರುಭೂಮಿ, ಶೀತ ಮರುಭೂಮಿ.

ಇಂಥ ನೆಲದಲ್ಲಿ ಹುಲ್ಲೇ ಬಂಡವಾಳ. ನಮ್ಮ ಕಡೆ ಒಂದು ಮಳೆ ಬಿದ್ದರೆ ವಾರದಲ್ಲಿ ನೆಲ ಹಸಿರಾಗುತ್ತದೆ. ಸ್ಪಿತಿಯಲ್ಲಿ ಗಿಡಗಳಿಗೆ ವರ್ಷಕ್ಕೆ ಸಿಗುವುದು ನಾಲ್ಕು ತಿಂಗಳ ಅವಕಾಶ. ಅಂಗೈಯಗಲದ ದಿಂಬಿನಂತೆ ನೆಲಕ್ಕೆ ಅಂಟಿಕೊಂಡ ಗಿಡಕ್ಕೂ ಹಲವು ವರ್ಷದ ವಯಸ್ಸು ಇರಬಹುದು. ಅದನ್ನು ಉರುವಲಿಗೆ ಕಿತ್ತರೆ ಆ ಜಾಗ ಮತ್ತೆ ತುಂಬಲು ಬಹುಕಾಲ ಬೇಕು. ಹುಲ್ಲನ್ನು ನಂಬಿ ಯಾಕ್, ಹಸು, ಕುದುರೆ, ಕತ್ತೆ, ಕುರಿ, ಮೇಕೆಗಳಿವೆ. ಕಡಿದಾದ ಬಂಡೆಗಳ ಬದಿಯಲ್ಲಿ ಭರಾಲ್ ಎಂಬ ನೀಲಿಕುರಿಯೂ ಐಬೆಕ್ಸ್ ಎಂಬ ಕಾಡುಮೇಕೆಯೂ ಅದೇ ಹುಲ್ಲಿಗೆ ಬರುತ್ತವೆ. ಅವುಗಳನ್ನು ನಂಬಿ ಹಿಮಚಿರತೆ ಮತ್ತು ತೋಳ ಬದುಕುತ್ತವೆ. ಹಿಮಚಿರತೆಯನ್ನು ಸ್ಪಿತಿಯವರು 'ಶೆನ್' ಎನ್ನುತ್ತಾರೆ.

ಸಾಕುಪ್ರಾಣಿ ಹೆಚ್ಚಿದಂತೆ ಭರಾಲ್‌ಗೆ ಮೇವು ಕಡಿಮೆ. ಭರಾಲ್ ಕಡಿಮೆಯಾದರೆ ಹಿಮಚಿರತೆ ಹಟ್ಟಿಗೆ ಬರುತ್ತದೆ. ಅದು ಹಟ್ಟಿಯೊಳಗೆ ಇಳಿಯುವ ಬಗೆಯನ್ನು ತಿಳಿದರೆ ದನಗಾಹಿಗಳ ಸಿಟ್ಟು ಅರ್ಥವಾಗುತ್ತದೆ. ಕಲ್ಲುಗೋಡೆಯ ದೊಡ್ಡಿ, ಮೇಲೆ ಮಣ್ಣಿನ ಮಾಡು, ಮಾಡಿನಲ್ಲಿ ಗಾಳಿಗೆ ಬಿಟ್ಟ ಒಂದು ಕಂಡಿ. ರಾತ್ರಿ ಆ ಕಂಡಿಯಿಂದ ಇಳಿದ ಚಿರತೆಗೆ ಹೊರಬರಲು ದಾರಿಯಿಲ್ಲ, ಕುರಿಗಳಿಗೆ ಓಡಲು ಜಾಗವಿಲ್ಲ. ಹಸಿವಿಗೆ ಒಂದು ಸಾಕಾಗುವ ಕಡೆ ಹತ್ತಾರು ಸತ್ತಿರುತ್ತವೆ. ಬೆಳಿಗ್ಗೆ ಬಾಗಿಲು ತೆಗೆದ ಮನೆಯವರಿಗೆ ಹಿಮಚಿರತೆ ಅಪರೂಪದ ಪ್ರಾಣಿ ಎಂದು ಹೇಳಿ ಯಾವ ಪ್ರಯೋಜನ?

ಈ ಕಣಿವೆಯಲ್ಲಿ, ಸುಮಾರು 4,200 ಮೀಟರ್ ಎತ್ತರದಲ್ಲಿ, ಕಿಬ್ಬರ್ ಎಂಬ ಊರಿದೆ. ಸುತ್ತಲಿನ ಬೆಟ್ಟಗಳನ್ನು ಸರ್ಕಾರ 1992ರಲ್ಲಿ ವನ್ಯಜೀವಿಧಾಮ ಮಾಡಿತು. ಆದರೆ ನಕ್ಷೆಯ ಮೇಲೆ ಎಳೆದ ಗೆರೆ ಯಾಕ್‌ಗೆ ಕಾಣುವುದಿಲ್ಲ, ತಲೆಮಾರುಗಳಿಂದ ಅಲ್ಲೇ ಮೇಯಿಸಿದವರಿಗೆ ಬೇರೆ ಬೆಟ್ಟವೂ ಇಲ್ಲ. ಅಲ್ಲಿ ಅಧ್ಯಯನಕ್ಕೆ ಹೋದ ವನ್ಯಜೀವಿ ವಿಜ್ಞಾನಿ ಚಾರುದತ್ತ ಮಿಶ್ರಾ ಕೈಗೆತ್ತಿಕೊಂಡದ್ದು ಚಿರತೆಯನ್ನಷ್ಟೇ ಅಲ್ಲ, ಊರಿನ ಲೆಕ್ಕವನ್ನು ಕೂಡ. ಅವರ ಅಧ್ಯಯನ 1997ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಒಂದೂವರೆ ವರ್ಷದಲ್ಲಿ ಜಾನುವಾರುಗಳ ಶೇ. 18ರಷ್ಟು ಕಾಡುಪ್ರಾಣಿಗಳ ಪಾಲಾಗಿದ್ದವು. ಒಂದು ಕುಟುಂಬಕ್ಕೆ ಆದ ನಷ್ಟ ಅಲ್ಲಿನ ಒಬ್ಬರ ವರ್ಷದ ವರಮಾನದ ಅರ್ಧದಷ್ಟು. ಸರ್ಕಾರದ ಪರಿಹಾರ ಅದರ ಮುಂದೆ ತೀರ ಅಲ್ಪ. ಹಿಮಚಿರತೆಯನ್ನು ಉಳಿಸುವ ಖರ್ಚನ್ನು ದೇಶದ ಅತಿ ದೂರದ ಬಡ ಊರೊಂದು ಒಂಟಿಯಾಗಿ ಹೊರುತ್ತಿತ್ತು. ಇದು ಅನ್ಯಾಯ ಎಂದು ನಾನು ನಂಬುತ್ತೇನೆ. ಸಂರಕ್ಷಣೆಯ ಮಾತು ಅಲ್ಲಿಂದಲೇ ಶುರುವಾಗಬೇಕು.

ಮಿಶ್ರಾ ಮತ್ತು ಗೆಳೆಯರು 1996ರಲ್ಲಿ ಕಟ್ಟಿದ ನೇಚರ್ ಕನ್ಸರ್ವೇಶನ್ ಫೌಂಡೇಶನ್ ನಮ್ಮ ಮೈಸೂರಿನ ಸಂಸ್ಥೆ. ಹಿಮಾಲಯದ ಆಚೆ ಬದಿಯ ಈ ಕೆಲಸಕ್ಕೆ ಮೈಸೂರು ಮನೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. 1990ರ ದಶಕದ ಕೊನೆಯಲ್ಲಿ ಅವರು ಕಿಬ್ಬರ್‌ನ ಹಿರಿಯರ ಮುಂದೆ ಒಂದು ಮಾತಿಟ್ಟರು. ಊರಿನ ಮೇವುಗಾಡಿನಲ್ಲಿ ಸುಮಾರು 5 ಚದರ ಕಿಲೋಮೀಟರನ್ನು ಐದು ವರ್ಷ ಭರಾಲ್‌ಗಳಿಗೆ ಬಿಡುವುದು, ಅಲ್ಲಿ ದನಕರು ಮೇಯಿಸದಿರುವುದು, ಬಿಟ್ಟ ಹುಲ್ಲಿಗೆ ಪ್ರತಿಯಾಗಿ ಊರಿಗೆ ವರ್ಷಕ್ಕಿಷ್ಟು ಹಣ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಅದೊಂದು ಕಾವಲು. ಅಮೃತಮಹಲ್ ಕಾವಲುಗಳಲ್ಲಿ ಅರಸರು ತಮ್ಮ ದನಗಳಿಗೆ ಹುಲ್ಲು ಕಾದಿಟ್ಟರು. ಕಿಬ್ಬರ್‌ನಲ್ಲಿ ಊರವರೇ ಕಾಡುಕುರಿಗಳಿಗೆ ಹುಲ್ಲು ಕಾದಿಟ್ಟರು. ಯಾವ ಬೆಟ್ಟ ಎಂಬುದನ್ನು ಊರೇ ತೀರ್ಮಾನಿಸಿತು, ಕಾಯುವವರೂ ಊರವರೇ. ಕೆಲವೇ ವರ್ಷಗಳಲ್ಲಿ ಆ ಬೆಟ್ಟದಲ್ಲಿ ಭರಾಲ್‌ಗಳು ಹೆಚ್ಚಿದವು. ಐದು ವರ್ಷ ಮುಗಿದ ಮೇಲೂ ಒಪ್ಪಂದ ನಿಲ್ಲಲಿಲ್ಲ, ಬಿಟ್ಟ ಜಾಗ ಇನ್ನೂ ಹಿಗ್ಗಿತು.

ಆದರೆ ಭರಾಲ್ ಹೆಚ್ಚಿದರೆ ಅದನ್ನು ಅರಸಿ ಹಿಮಚಿರತೆಯೂ ಬರುತ್ತದೆ, ಬಂದದ್ದು ಊರ ದನವನ್ನೂ ಮುಟ್ಟುತ್ತದೆ. ಈ ತೊಡಕನ್ನು ಮುಚ್ಚಿಡದೆ ಎದುರಿಸಿದ್ದೇ ಕಿಬ್ಬರ್‌ನ ಹೆಚ್ಚುಗಾರಿಕೆ. 2002ರಲ್ಲಿ ಅಲ್ಲಿ ಜಾನುವಾರು ವಿಮೆ ಶುರುವಾಯಿತು. ಅದರ ನಡೆಯನ್ನು ಹತ್ತಿರದಿಂದ ನೋಡಬೇಕು. ಯಾಕ್ ಸಾಕಿದವರು ತಲೆಗಿಷ್ಟು ಎಂದು ಕಂತು ಕಟ್ಟುತ್ತಾರೆ. ನಿಧಿ ಗಟ್ಟಿಯಾಗುವವರೆಗೆ ಹೊರಗಿನಿಂದ ದೇಣಿಗೆ ಸೇರುತ್ತದೆ. ಪ್ರಾಣಿ ಸತ್ತರೆ ಊರಿನ ಸಮಿತಿಯವರೇ ಹೋಗಿ ನೋಡುತ್ತಾರೆ. ಗಂಟಲಲ್ಲಿ ಹಲ್ಲಿನ ಗುರುತಿದೆಯೋ, ಬಂಡೆಯಿಂದ ಜಾರಿ ಬಿತ್ತೋ, ಕಾಯಿಲೆಯೋ ಎಂಬುದು ದನ ಸಾಕಿದ ಕಣ್ಣಿಗೆ ಗೊತ್ತಾಗುತ್ತದೆ. ನೆರೆಯವರ ಮುಂದೆ ಸುಳ್ಳು ಹೇಳುವುದು ಅಷ್ಟು ಸುಲಭವಲ್ಲ. ದನವನ್ನು ಚೆನ್ನಾಗಿ ಕಾದು ನಷ್ಟ ತಪ್ಪಿಸಿಕೊಂಡವರಿಗೆ ಬಹುಮಾನವೂ ಇದೆ. ಇದರ ಜತೆಗೆ ದೊಡ್ಡಿಗಳ ಕಂಡಿಗೆ ಗಟ್ಟಿ ಜಾಲರಿ, ಬಾಗಿಲಿಗೆ ಭದ್ರ ಚೌಕಟ್ಟು ಬಂದವು. ನೂರು ಭಾಷಣಕ್ಕಿಂತ ಆ ಜಾಲರಿ ಹೆಚ್ಚು ಹಿಮಚಿರತೆಗಳನ್ನು ಉಳಿಸಿದೆ ಎಂದೇ ನನ್ನೆಣಿಕೆ.

ತೋಳದ ಕತೆ ಇದಕ್ಕಿಂತ ಕಷ್ಟದ್ದು, ಹಿಮಚಿರತೆಗೆ ಸಿಗುವ ಮರುಕ ಅದಕ್ಕೆ ಸಿಗುವುದಿಲ್ಲ. ನೆರೆಯ ಲಡಾಖಿನಲ್ಲಿ ತೋಳ ಹಿಡಿಯಲು 'ಶಾಂಗ್‌ಡೊಂಗ್' ಎಂಬ ಕಲ್ಲಿನ ಗುಂಡಿ ಕಟ್ಟುತ್ತಿದ್ದರು. ಆಳೆತ್ತರದ ಗೋಡೆ ಮೇಲೇರಿದಂತೆ ಒಳಕ್ಕೆ ಬಾಗಿರುತ್ತದೆ. ಒಳಗೆ ಕಟ್ಟಿದ ಪ್ರಾಣಿಯ ಆಸೆಗೆ ಹಾರಿದ ತೋಳ ಮತ್ತೆ ಏರಲಾರದು, ಊರವರು ಕಲ್ಲೆಸೆದು ಕೊಲ್ಲುತ್ತಿದ್ದರು. 2018ರಲ್ಲಿ ಅಲ್ಲಿನ ಚುಶೂಲ್ ಎಂಬ ಊರಿನ ಜನ ತಮ್ಮ ಗುಂಡಿಗಳ ಗೋಡೆಯಿಂದ ಒಂದಷ್ಟು ಕಲ್ಲು ತೆಗೆದು, ಒಳಗೆ ಬಿದ್ದದ್ದು ಹತ್ತಿ ಹೊರಬರುವಂತೆ ದಾರಿ ಮಾಡಿದರು. ಗೋಡೆಗಳನ್ನು ಕೆಡವಲಿಲ್ಲ, ಅವು ಹಿರಿಯರ ಕೈಕೆಲಸ. ಪಕ್ಕದಲ್ಲಿ ಒಂದು ಸ್ತೂಪ ಕಟ್ಟಿದರು. ಪರಂಪರೆಯನ್ನೂ ಪ್ರಾಣಿಯನ್ನೂ ಒಟ್ಟಿಗೆ ಉಳಿಸಿದ ಇಂಥ ಕೆಲಸ ನಾನು ಬೇರೆಲ್ಲೂ ಕೇಳಿಲ್ಲ.

ದೇಶದ ಮೊದಲ ಹಿಮಚಿರತೆ ಗಣತಿಯ ವರದಿ 2024ರ ಜನವರಿಯಲ್ಲಿ ಹೊರಬಂತು. ಅದರ ಅಂದಾಜಿನಂತೆ ಭಾರತದಲ್ಲಿರುವುದು 718 ಹಿಮಚಿರತೆಗಳು. ಲಡಾಖಿನಲ್ಲೇ 477, ಹಿಮಾಚಲದಲ್ಲಿ 51. ಕಿಬ್ಬರ್‌ನ ಯುವಕರು ಕ್ಯಾಮೆರಾಗಳನ್ನು ಹೊತ್ತು ಬಂಡೆಗಳ ನಡುವೆ ಕಟ್ಟಿ ಬಂದ ಶ್ರಮವೂ ಆ ಎಣಿಕೆಯಲ್ಲಿದೆ. 2025ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋ ಈ ಶೀತ ಮರುಭೂಮಿಯನ್ನು ತನ್ನ ಜೀವಗೋಳ ಮೀಸಲು ಪ್ರದೇಶಗಳ ಜಾಲಕ್ಕೆ ಸೇರಿಸಿತು.

ಹೆಸರು ಬಂದಂತೆ ಜನರೂ ಬರುತ್ತಾರೆ. ಹಿಮಚಿರತೆ ನೋಡಲು ಈಗ ನಡುಚಳಿಗಾಲದಲ್ಲೂ ಕಿಬ್ಬರ್‌ಗೆ ಪ್ರವಾಸಿಗಳಿದ್ದಾರೆ. ಹಿಂದೆ ಚಿರತೆಯನ್ನು ಶಪಿಸಿದ ಮನೆಗಳಿಗೆ ಅದರಿಂದಲೇ ವರಮಾನ ಬರುತ್ತಿರುವುದು ಒಳ್ಳೆಯ ಬದಲಾವಣೆ. ಆದರೆ ಪ್ರವಾಸಿಗಳ ಹಿಂದೆ ಎಸೆದ ಆಹಾರ ಬರುತ್ತದೆ, ಎಸೆದ ಆಹಾರದ ಹಿಂದೆ ನಾಯಿಗಳು ಬರುತ್ತವೆ. ಮೇಲಿನ ಸ್ಪಿತಿಯಲ್ಲಿ ನಡೆದ ಅಧ್ಯಯನವೊಂದು ಹಿಮಚಿರತೆ ಮತ್ತು ತೋಳಗಳಿಗಿಂತ ಬೀದಿನಾಯಿಗಳೇ ಹೆಚ್ಚು ಜಾನುವಾರು ಕೊಲ್ಲುತ್ತಿವೆ ಎಂದು ತೋರಿಸಿದೆ. ಇಪ್ಪತ್ತೈದು ವರ್ಷ ಕಷ್ಟಪಟ್ಟು ಕಟ್ಟಿದ ಒಪ್ಪಂದವನ್ನು ಕಸದ ರಾಶಿಯೊಂದು ಕೆಡಿಸಬಲ್ಲದು.

ಬೆಂಗಳೂರು, ಹುಬ್ಬಳ್ಳಿಯಿಂದಲೂ ಜನ ಬೈಕು ಹತ್ತಿ ಸ್ಪಿತಿಗೆ ಹೋಗುತ್ತಾರೆ. ನೀವೂ ಹೋಗುವವರಿದ್ದರೆ ಊರವರ ಮನೆಯಲ್ಲೇ ಉಳಿಯಿರಿ, ತಂದ ಕಸವನ್ನು ತಿರುಗಿ ತನ್ನಿ, ದಾರಿ ಬಿಟ್ಟು ಹುಲ್ಲಿನ ಮೇಲೆ ಗಾಡಿ ಹತ್ತಿಸಬೇಡಿ. ಲಾಂಗ್ಜಾದಲ್ಲಿ ಯಾರಾದರೂ ಅಂಗೈಯಲ್ಲಿ ಸುರುಳಿಗಲ್ಲು ಹಿಡಿದು ಮಾರಲು ಬಂದರೆ ಕೊಳ್ಳಬೇಡಿ. ಇಳಿಜಾರಿನಲ್ಲಿ ನಿಮ್ಮ ಕಣ್ಣಿಗೇ ಒಂದು ಬಿದ್ದರೆ ಕೂತು ಮನದಣಿಯೆ ನೋಡಿ, ಇದ್ದಲ್ಲೇ ಬಿಟ್ಟು ಬನ್ನಿ.