ರೋಡ್‌ಸ್ಟರ್‌ಗೆ ಯಾವ ಗಾಡಿ ಕಡಿಯೋದು?

ಚಳ್ಳಕೆರೆಯ ಗುಜರಿಗಳಲ್ಲಿ ಸುಮೋ, ಟವೇರಾ, ಟಾಟಾ ಏಸ್ ಬೇಕಾದಷ್ಟು ಸಿಗುತ್ತವೆ. ಎಲ್ಲ ಡೀಸೆಲ್, ಎಲ್ಲ ಭಾರ. ನಮಗೆ ಬೇಕಿದ್ದದ್ದು ಹಗುರವಾದ ಪೆಟ್ರೋಲ್ ಇಂಜಿನ್ನಿನ, ಹಿಂದಿನ ಚಕ್ರ ತಿರುಗಿಸುವ ಗಾಡಿ. ಪಾವಗಡ ರಸ್ತೆಯಲ್ಲಿ ಗ್ಯಾರೇಜ್ ಇಟ್ಟುಕೊಂಡು ಲಾರಿ, ಟ್ರ್ಯಾಕ್ಟರ್ ಬಿಚ್ಚುತ್ತಲೇ ತಲೆ ನರೆತವನು ನಾನು. ಮೊಳಕಾಲ್ಮೂರಿನಲ್ಲಿರುವ ಅಕ್ಕನ ಮಗ ಮೆಕ್ಯಾನಿಕಲ್ ಓದಿದವನು. ಮನೆಯವರದು ರೇಷ್ಮೆ ಸೀರೆಯ ಮಗ್ಗ, ಇವನಿಗೆ ಮಾತ್ರ ಕಬ್ಬಿಣದ ಹುಚ್ಚು. "ಮಾವ, ನಾವೇ ಒಂದು ರೋಡ್‌ಸ್ಟರ್ ಕಟ್ಟೋಣ" ಎಂದು ಗಂಟುಬಿದ್ದ.

ರೋಡ್‌ಸ್ಟರ್ ಎಂದರೆ ಇಬ್ಬರೇ ಕೂರುವ, ಟಾಪ್ ಇಲ್ಲದ ಸಣ್ಣ ಸ್ಪೋರ್ಟ್ಸ್ ಕಾರು. ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಅದು ಯಾಕೆ ಬೇಕು ಎಂದು ಕೇಳಬೇಡಿ, ನಾನೂ ಕೇಳಿ ಸಾಕಾಗಿದ್ದೇನೆ. ಮನೆಯಲ್ಲಿ ಕಟ್ಟುವ ರೋಡ್‌ಸ್ಟರ್‌ಗಳಿಗೆಲ್ಲ ಮಾದರಿ 1957ರಲ್ಲಿ ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ ತಂದ ಲೋಟಸ್ ಸೆವೆನ್. ಅಲ್ಲಿ ಪೂರ್ತಿ ಕಾರು ಕೊಂಡರೆ ಖರೀದಿ ತೆರಿಗೆ ಬೀಳುತ್ತಿತ್ತು, ಬಿಡಿಭಾಗ ತಂದು ಮನೆಯಲ್ಲೇ ಜೋಡಿಸಿಕೊಂಡರೆ ಉಳಿಯುತ್ತಿತ್ತು. 1996ರಲ್ಲಿ ರಾನ್ ಚಾಂಪಿಯನ್ ಎಂಬವರು 250 ಪೌಂಡಿನಲ್ಲಿ ಸ್ಪೋರ್ಟ್ಸ್ ಕಾರು ಕಟ್ಟುವುದು ಹೇಗೆಂದು ಪುಸ್ತಕವನ್ನೇ ಬರೆದರು. ಚೌಕ ಪೈಪು ವೆಲ್ಡ್ ಮಾಡಿ ಚಾಸಿ, ಹಳೆಯ ಫೋರ್ಡ್ ಎಸ್ಕಾರ್ಟ್ ಬಿಚ್ಚಿ ಇಂಜಿನ್, ಗೇರ್‌ಬಾಕ್ಸ್, ಆಕ್ಸೆಲ್. ಹೀಗೆ ಬಿಚ್ಚಿಸಿಕೊಳ್ಳುವ ಗಾಡಿಯೇ ಡೋನರ್ ಕಾರು.

ಹುಡುಗರು ಮೊದಲು ಕೇಳುವುದು ಎಷ್ಟು ಹಾರ್ಸ್‌ಪವರ್ ಎಂದು. ನಾನು ನೋಡುವುದು ಇಂಜಿನ್ ಉದ್ದಕ್ಕೆ ಕೂತಿದೆಯೋ ಅಡ್ಡಕ್ಕೋ ಎಂದು. ಉದ್ದಕ್ಕೆ ಕೂತಿದ್ದರೆ ಅದರ ಬೆನ್ನಿಗೆ ಗೇರ್‌ಬಾಕ್ಸ್, ಅಲ್ಲಿಂದ ಶಾಫ್ಟ್, ಕೊನೆಗೆ ಹಿಂದಿನ ಹೌಸಿಂಗ್, ಹೀಗೆ ಸೆವೆನ್ ಮಾದರಿಗೆ ನೇರವಾಗಿ ಹೊಂದುತ್ತದೆ. ಅಡ್ಡಕ್ಕಿದ್ದರೆ ಇಂಜಿನ್, ಗೇರ್‌ಬಾಕ್ಸ್, ಡಿಫರೆನ್ಶಿಯಲ್ ಮೂರೂ ಒಂದೇ ಗಂಟು. ಅದನ್ನು ಸೀಟಿನ ಹಿಂದೆ ಇಡಬೇಕು, ಕಾರಿನ ನಕ್ಷೆಯೇ ಬೇರೆಯಾಗುತ್ತದೆ.

ಅಳಿಯ ಮೊದಲು ಹಿಡಿದದ್ದು ಮಾರುತಿ 800. ತಪ್ಪೇನಿಲ್ಲ. ಕೊಯಮತ್ತೂರಿನ ಎಸ್. ಕರಿವರ್ಧನ್ ಆ 796 ಸಿಸಿ ಇಂಜಿನ್ ಹಾಕಿಯೇ ಫಾರ್ಮುಲಾ ಮಾರುತಿ ರೇಸ್ ಕಾರು ಕಟ್ಟಿದರು, ಎಷ್ಟೋ ಹುಡುಗರು ಅದರಲ್ಲೇ ರೇಸ್ ಕಲಿತರು. ಆದರೆ ಅದು ಅಡ್ಡ ಇಂಜಿನ್. ಸೆವೆನ್‌ನ ಉದ್ದ ಬಾನೆಟ್ಟಿನೊಳಗೆ ಏನೂ ಇಲ್ಲ ಎಂದರೆ ನನಗೆ ಒಪ್ಪಿಗೆಯಾಗಲಿಲ್ಲ.

ಓಮ್ನಿಯದು ಉದ್ದದ ಇಂಜಿನ್, ಹಿಂದಿನ ಚಕ್ರದ ಓಟ, ಬೆಲೆಯೂ ಕಡಿಮೆ. ತೊಡಕು ಗೇರ್ ಲಿವರಿನದು. ಓಮ್ನಿಯಲ್ಲಿ ಡ್ರೈವರ್ ಇಂಜಿನ್ನಿನ ಮೇಲೆಯೇ ಕೂರುವುದರಿಂದ ಗೇರ್‌ಬಾಕ್ಸಿನಿಂದ ರಾಡು ಮುಂದಕ್ಕೆ ಬರುತ್ತದೆ. ರೋಡ್‌ಸ್ಟರ್‌ನಲ್ಲಿ ಡ್ರೈವರ್ ಇಂಜಿನ್ನಿನ ಹಿಂದೆ. ಆ ಜೋಡಣೆಯನ್ನೆಲ್ಲ ತಿರುಗಾಮುರುಗಾ ಮಾಡಬೇಕು, ಅಷ್ಟಾದರೂ ಗೇರು ಸರಿಯಾಗಿ ಬೀಳುತ್ತದೆಂಬ ಖಾತ್ರಿಯಿಲ್ಲ. ಇಷ್ಟು ಒದ್ದಾಡಿದ ಮೇಲೆ ಕೈಗೆ ಸಿಗುವುದು 35 ಹಾರ್ಸ್‌ಪವರ್ ಚಿಲ್ಲರೆ.

ಅಂಬಾಸಿಡರ್, ಕಾಂಟೆಸ್ಸಾಗಳ ಇಸುಜು 1.8 ಇಂಜಿನ್ ಗಟ್ಟಿಮುಟ್ಟು. ಸೆವೆನ್ ಮಾದರಿಯಲ್ಲೇ ಮಹಾರಾಷ್ಟ್ರದಲ್ಲಿ ತಯಾರಾದ ಚಿಂಕಾರಾ ರೋಡ್‌ಸ್ಟರ್‌ಗೆ ಹಾಕಿದ್ದು ಅದನ್ನೇ. ಬ್ಲಾಕು ಬೀಡು ಕಬ್ಬಿಣ, ಮುಂದಿನ ಚಕ್ರಕ್ಕೆ ಭಾರ ಬೀಳುತ್ತದೆ. ಬೆಂಗಳೂರಿನ ಸಿಪಾನಿಯವರ ಡಾಲ್ಫಿನ್ 80ರ ದಶಕದ್ದು, ಫೈಬರ್ ಬಾಡಿ, 848 ಸಿಸಿಯ ಹಗುರ ಇಂಜಿನ್, ಹಿಂದಿನ ಚಕ್ರದ ಓಟ. ಲೆಕ್ಕದಲ್ಲಿ ಎಲ್ಲವೂ ಸರಿ. ಆದರೆ ಡಾಲ್ಫಿನ್ ಸಿಕ್ಕರೆ ದಯವಿಟ್ಟು ಕಡಿಯಬೇಡಿ, ತೊಳೆದು ಇಟ್ಟುಕೊಳ್ಳಿ.

ಬೈಕ್ ಇಂಜಿನ್ ಹಾಕುವವರೂ ಇದ್ದಾರೆ. ಬೆಂಗಳೂರಿನ ಆರ್.ವಿ. ಕಾಲೇಜಿನ ಅಶ್ವ ರೇಸಿಂಗ್‌ನಂಥ ವಿದ್ಯಾರ್ಥಿ ತಂಡಗಳು ಕಟ್ಟುವ ಫಾರ್ಮುಲಾ ಕಾರುಗಳಿಗೆ ಬೈಕ್ ಇಂಜಿನ್ನೇ ಜೀವಾಳ. ರೇಸ್ ಟ್ರ್ಯಾಕಿಗೆ ಸರಿ, ಮನೆಯ ಗಾಡಿಗೆ ಅಲ್ಲ: ರಿವರ್ಸ್ ಗೇರ್ ಇರುವುದಿಲ್ಲ.

ಕೊನೆಗೆ ನಿಂತದ್ದು ಜಿಪ್ಸಿಯ ಮೇಲೆ. 1985ರಲ್ಲಿ ಬಂದಾಗ ಅದಕ್ಕಿದ್ದದ್ದು 970 ಸಿಸಿ, ಆಮೇಲೆ 1298 ಸಿಸಿ ಬಂತು, ಕಾರ್ಬ್ಯುರೇಟರ್ ಹೋಗಿ ಎಂಪಿಎಫ್‌ಐ ಇಂಜೆಕ್ಷನ್ ಆದ ಮೇಲೆ 80 ಹಾರ್ಸ್‌ಪವರ್. ಎಸ್ಟೀಮಿನ 1.3 ಇಂಜಿನ್ನೂ ಇದೇ ವಂಶದ್ದು, ಎಲ್‌ಜಿಬಿ ಫಾರ್ಮುಲಾ 4 ರೇಸ್ ಕಾರುಗಳಲ್ಲಿ ಓಡಿದ್ದು ಅದೇ. ಜಿಪ್ಸಿಯ ತೂಕ ಸುಮಾರು ಒಂದು ಟನ್. ನಮ್ಮ ಕಾರು 600 ಕಿಲೋದಲ್ಲಿ ಮುಗಿದರೆ ಟನ್ನಿಗೆ 133 ಹಾರ್ಸ್‌ಪವರ್ ಬಿದ್ದಂತಾಯಿತು. ಹಾರ್ಸ್‌ಪವರ್ ಹೆಚ್ಚಿಸಲು ದುಡ್ಡು ಬೇಕು, ತೂಕ ಇಳಿಸಲು ಗ್ರೈಂಡರ್ ಸಾಕು.

ಜಿಪ್ಸಿಯಲ್ಲಿ ಗೇರ್ ಲಿವರ್ ನೇರ ಗೇರ್‌ಬಾಕ್ಸಿನ ತಲೆಯಿಂದಲೇ ಏಳುತ್ತದೆ. ಫೋರ್ ವೀಲ್‌ನ ಟ್ರಾನ್ಸ್‌ಫರ್ ಕೇಸ್ ಬೇರೆಯೇ ಇದ್ದು, ಒಂದು ಗಿಡ್ಡ ಶಾಫ್ಟಿನಿಂದ ಸೇರಿಕೊಂಡಿದೆ. ಅದನ್ನು ತೆಗೆದು ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸೆಲ್‌ಗೆ ಒಂದೇ ಶಾಫ್ಟ್ ಹಾಕಬಹುದು. ಹೈ ರೇಂಜಿನಲ್ಲಿದ್ದಾಗಲೂ ಆ ಕೇಸ್ ಸುತ್ತು ಇಳಿಸಿಯೇ ಹಿಂದಕ್ಕೆ ಕೊಡುತ್ತದೆ, ತೆಗೆದರೆ ಹಗುರ ಗಾಡಿಗೆ ಬೇಕಾದ ಉದ್ದ ಗೇರ್ ತಾನಾಗಿ ಬರುತ್ತದೆ. ಒಂದು ತಕರಾರಿದೆ: ಡಿಫರೆನ್ಶಿಯಲ್ ಕೂತಿರುವ ಹೌಸಿಂಗಿನ ಗುಂಡು ಆಕ್ಸೆಲ್ಲಿನ ನಡುವಿಲ್ಲ, ಬಲಕ್ಕೆ ಸರಿದಿದೆ. ನೇರ ಶಾಫ್ಟ್ ಎಳೆದರೆ ಓರೆಯಾಗಿ ಡ್ರೈವರಿನ ಸೊಂಟದ ಕಡೆಗೇ ಬರುತ್ತದೆ. ಇಂಜಿನ್ನನ್ನೇ ಕೊಂಚ ಬಲಕ್ಕೆ ಕೂರಿಸೋಣ ಎನ್ನುವುದು ನನ್ನ ವಾದ. ಅಳಿಯ ಓಮ್ನಿಯ ಆಕ್ಸೆಲ್ ತರೋಣ ಎನ್ನುತ್ತಾನೆ. ಇನ್ನೂ ಇತ್ಯರ್ಥವಾಗಿಲ್ಲ.

ಕೊಳ್ಳುವುದಾದರೆ ಸ್ಟಾರ್ಟ್ ಆಗುವ ಪೂರ್ತಿ ಗಾಡಿ ಕೊಳ್ಳಿ, ಬಿಡಿ ಇಂಜಿನ್ ಬೇಡ. ಆಯಿಲ್ ಕ್ಯಾಪ್ ತಿರುವಿ ಒಳಮೈ ನೋಡಿ. ಹಾಲು ಜಾಸ್ತಿಯಾದ ಕಾಫಿಯಂಥ ಬಣ್ಣದ ಜಿಡ್ಡು ಮೆತ್ತಿದ್ದರೆ ಆಯಿಲ್ಲಿಗೆ ನೀರು ಸೇರಿದೆ, ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಶಯ. ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಎಂಪಿಎಫ್‌ಐ ಆದರೆ ವೈರಿಂಗ್ ಎಲ್ಲಕ್ಕಿಂತ ಮುಖ್ಯ. ಗುಜರಿಯವರು ಇಂಜಿನ್ ಬೇಗ ಇಳಿಸಲೆಂದು ಕಟಿಂಗ್ ಪ್ಲೇಯರಿನಲ್ಲಿ ವೈರು ಕತ್ತರಿಸಿಬಿಡುತ್ತಾರೆ. ಆಮೇಲೆ ಯಾವ ಬಣ್ಣದ ವೈರು ಯಾವ ಸೆನ್ಸರಿನದು ಎಂದು ಹುಡುಕುತ್ತ ಕೂರಬೇಕು. ಇಸಿಯು, ಪ್ಲಗ್ಗು, ವೈರು ಇಡೀ ಗೊಂಚಲು ಗಾಡಿಯಿಂದಲೇ ಬರಲಿ.

ಅಕ್ಕ ಕೇಳಿದ್ದು ಒಂದೇ ಮಾತು: "ಇದ್ರಲ್ಲಿ ಮೊಳಕಾಲ್ಮೂರಿಗೆ ಬರಕ್ಕಾಗ್ತದೇನೋ?" ಆಗಲ್ಲಕ್ಕ. ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಒಂದೇ ಒಂದು ಕಾರನ್ನೂ ಪರೀಕ್ಷೆ ಮಾಡಿ ರಸ್ತೆಗೆ ಬಿಡುವ ವ್ಯವಸ್ಥೆಯಿದೆ. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡಬರುತ್ತದೆ. ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೊಸ ಗಾಡಿ ಎನ್ನೋಣವೆಂದರೆ ಅದಕ್ಕೆ ಕಂಪನಿಗಳಂತೆ ಮಾದರಿ ಅನುಮೋದನೆ ಬೇಕು. ಜಿಪ್ಸಿಯ ನಂಬರ್ ಪ್ಲೇಟನ್ನು ಇದಕ್ಕೆ ಹಾಕಿಕೊಂಡು ಓಡಿಸಿದರೆ ಅದು ಕಳ್ಳಾಟವೇ. ಉಳಿದದ್ದು ಸ್ವಂತ ಜಮೀನು, ಇಲ್ಲವೇ ಲಾರಿಯಲ್ಲಿ ಹಾಕಿಕೊಂಡು ಕೊಯಮತ್ತೂರಿನ ಕರಿ ಸ್ಪೀಡ್‌ವೇ. ನಾಯಕನಹಟ್ಟಿ ಕಡೆ ಡಿಆರ್‌ಡಿಒದ ಒಳ್ಳೆಯ ರನ್‌ವೇ ಇದೆ, 2017ರಿಂದ. ಅಳಿಯ ಅದರ ಬೇಲಿಯನ್ನು ಆಸೆಗಣ್ಣಿನಿಂದ ನೋಡುವುದನ್ನು ಕಂಡಿದ್ದೇನೆ.

ಸದ್ಯ ಜಿಪ್ಸಿ ಗ್ಯಾರೇಜಿನಲ್ಲಿದೆ, ಇಂಜಿನ್ ಚೈನ್ ಬ್ಲಾಕಿನಲ್ಲಿ ಇಳಿದಿದೆ. ಪೂರ್ತಿ ಗಾಡಿ ಕೊಂಡ ಲಾಭ ಈಗ ಕಾಣುತ್ತಿದೆ. ಟ್ರಾನ್ಸ್‌ಫರ್ ಕೇಸ್, ಮುಂದಿನ ಆಕ್ಸೆಲ್ ನಮಗೆ ಬೇಡ, ಆದರೆ ಕಾಡುರಸ್ತೆಯಲ್ಲಿ ಜಿಪ್ಸಿ ಓಡಿಸುವವರಿಗೆ ಬೇಕೇ ಬೇಕು. ಸಕಲೇಶಪುರದಿಂದ ಒಬ್ಬರು ಫೋನ್ ಮಾಡಿ ರೇಟು ಕೇಳಿದ್ದಾರೆ. ಎರಡೂ ಸೇರಿಸಿ ಒಯ್ಯುವುದಾದರೆ ಮಾತ್ರ ಮಾತು ಎಂದಿದ್ದೇನೆ.