ಹಿಂಗಾಲಿನ ಆ ಗಂಟು ಮಂಡಿಯಲ್ಲ

ದನ, ಕುದುರೆ, ನಾಯಿಗಳ ಹಿಂಗಾಲಿನ ಮಂಡಿ ಹಿಂದುಮುಂದಾಗಿದೆ ಎಂದು ನಂಬಿದವರು ಬಹಳ ಮಂದಿ. ನಂಬುವುದು ಸಹಜವೇ: ಕಾಲಿನ ನಡುವೆ ಹಿಂದಕ್ಕೆ ಚೂಪಾಗಿ ಚಾಚಿದ ಗಂಟೊಂದು ಕಣ್ಣಿಗೆ ಹೊಡೆಯುವಂತಿದೆ. ಪಶುವೈದ್ಯರು ಹಾಕ್ ಎನ್ನುವ ಈ ಕೀಲು ಮಂಡಿಯಲ್ಲ, ಹರಡು. ಚಾಚಿಕೊಂಡಿರುವುದು ಹಿಮ್ಮಡಿಯ ಮೂಳೆ. ಮೀನಖಂಡದಿಂದ ಇಳಿಯುವ ದಪ್ಪ ಸ್ನಾಯುರಜ್ಜು ನಮ್ಮ ಹಿಮ್ಮಡಿಯನ್ನು ಹಿಡಿದಿರುವಂತೆ ಹಸುವಿನಲ್ಲೂ ಆ ತುದಿಯನ್ನೇ ಹಿಡಿದಿದೆ. ಬೆರಳಾಡಿಸಿದರೆ ಬಿಗಿದ ಹಗ್ಗದ ಹಾಗೆ ಸಿಗುತ್ತದೆ.

ನಿಜವಾದ ಮಂಡಿ ಮೇಲೆ, ಹೊಟ್ಟೆಯ ಪಕ್ಕದ ಚರ್ಮದ ಮಡಿಕೆಯಲ್ಲಿ ಅರ್ಧ ಅಡಗಿದೆ. ಅದಕ್ಕೂ ಚಿಪ್ಪಿದೆ, ಅದರ ಮುಖವೂ ಮುಂದಕ್ಕೇ. ಹಾಕ್‌ನಿಂದ ಕೆಳಗಿರುವುದೆಲ್ಲ ಪಾದ. ಹಸು ಎರಡು ಬೆರಳುಗಳ ತುದಿಯಲ್ಲಿ, ಕುದುರೆ ಒಂದೇ ಬೆರಳಿನ ತುದಿಯಲ್ಲಿ ನಿಂತಿದೆ. ಗೊರಸು ಎಂದರೆ ಉಗುರು. ಕೊಕ್ಕರೆಯ ಕಾಲಿನ ನಡುವಿನ ಗಂಟೂ ಹರಡೇ.

ಮಂಡಿಯನ್ನು ಸ್ಪಷ್ಟವಾಗಿ ನೋಡಬೇಕೆಂದರೆ ದಸರಾ ಆನೆಗಳ ಹತ್ತಿರ ಹೋಗಿ. ಆನೆಯ ತೊಡೆಮೂಳೆ ಉದ್ದ ಮತ್ತು ನೇರ. ಹಾಗಾಗಿ ಮಂಡಿ ಹೊಟ್ಟೆಯಿಂದ ಕೆಳಗಿಳಿದಿದೆ, ಹರಡು ನೆಲದ ಸಮೀಪಕ್ಕೆ ಬಂದಿದೆ. ಆನೆ ಹಿಂಗಾಲು ಮಡಚಿದರೆ ಮನುಷ್ಯ ಮಂಡಿಯೂರಿದಂತೆಯೇ ಕಾಣುತ್ತದೆ. ಆನೆಗೆ ನಾಲ್ಕು ಮಂಡಿ ಎನ್ನುವ ಮಾತು ಮಾತ್ರ ಸುಳ್ಳು. ಮುಂಗಾಲಿನಲ್ಲಿ ಹಾಗೆ ಕಾಣುವುದು ಮಣಿಕಟ್ಟು.

ಇದೆಲ್ಲ ಬರೀ ಕುತೂಹಲದ ಸಂಗತಿ ಎನ್ನುವವರು ಕೊಟ್ಟಿಗೆಗೆ ಬರಬೇಕು. ಕೆಲವು ರಾಸುಗಳ ಹಿಂಗಾಲು ನಡೆಯುವಾಗ ಹಿಂದಕ್ಕೆ ಸೆಟೆದು ನಿಲ್ಲುತ್ತದೆ, ಗೊರಸಿನ ಮುಂತುದಿ ನೆಲಕ್ಕೆ ಉಜ್ಜುತ್ತದೆ, ಆಮೇಲೆ ಝಟ್ಟನೆ ಮುಂದೆ ಬರುತ್ತದೆ. ಮನೆಯವರು ಹಾಕ್‌ಗೆ ಎಣ್ಣೆ ತಿಕ್ಕುತ್ತಾರೆ, ಬರೆಯನ್ನೂ ಹಾಕಿಸುತ್ತಾರೆ. ಪಾಪದ ಪ್ರಾಣಿಗೆ ಸುಟ್ಟ ಗಾಯವೇ ಲಾಭ! ಸಿಕ್ಕಿಕೊಂಡಿರುವುದು ಮೇಲೆ, ತೊಡೆಮೂಳೆಯ ಏಣಿನ ಮೇಲೆ ಕೂತುಬಿಟ್ಟ ಮಂಡಿಚಿಪ್ಪು. ಎರಡೂ ಕೀಲುಗಳು ಜೊತೆಯಲ್ಲೇ ಮಡಚುವುದರಿಂದ ಮಂಡಿ ಬಿಗಿದರೆ ಹಾಕ್ ಕೂಡ ಸೆಟೆಯುತ್ತದೆ. ಚಿಪ್ಪಿನ ಒಳಬದಿಯ ಕಟ್ಟೊಂದನ್ನು ವೈದ್ಯರು ಸಣ್ಣ ಶಸ್ತ್ರಕ್ರಿಯೆಯಲ್ಲಿ ಕತ್ತರಿಸುತ್ತಾರೆ. ಎಷ್ಟೋ ರಾಸುಗಳು ಆಗಲೇ ಸರಾಗವಾಗಿ ಹೆಜ್ಜೆ ಹಾಕುತ್ತವೆ.

ಹಾಕ್ ಊದಿಕೊಂಡರೆ ವಾತ, ಸೂಜಿ ಚುಚ್ಚಿ ನೀರು ತೆಗೆದರೆ ಸಾಕು ಎಂಬುದು ಇನ್ನೊಂದು ನಂಬಿಕೆ. ಈ ಊತಕ್ಕೆ ಸಾಮಾನ್ಯ ಕಾರಣ ಹಾಸಿಲ್ಲದ ಸಿಮೆಂಟು ನೆಲ. ಮಲಗಿ ಏಳುವಾಗಲೆಲ್ಲ ಮಾಂಸವಿಲ್ಲದ ಆ ಮೂಳೆ ಉಜ್ಜುತ್ತದೆ. ಮನೆಯಲ್ಲಿ ಚುಚ್ಚಿದರೆ ನಂಜು ಒಳಗೆ ಸೇರೀತು. ದಪ್ಪಗೆ ಹುಲ್ಲು ಹಾಸಿ, ಇಲ್ಲವೇ ರಬ್ಬರ್ ಮ್ಯಾಟ್ ಹಾಕಿ. ಕುಂಟುತ್ತಿದ್ದರೆ ವೈದ್ಯರಿಗೆ ತೋರಿಸಿ.