ಹಳೆಯ ಔಟ್‌ಬೋರ್ಡ್ ಮೋಟಾರಿನ ಪಾಯಿಂಟ್ ಹಾಗೂ ಕಿಡಿಯ ಸಮಯದ ಹೊಂದಾಣಿಕೆ

ದೋಣಿಯ ಹಿಂಬದಿಗೆ ತಗುಲಿಸುವ ಔಟ್‌ಬೋರ್ಡ್ ಮೋಟಾರನ್ನು ಅಮೆರಿಕದ ಮಿಲ್ವಾಕಿಯಲ್ಲಿ ಓಲೆ ಎವಿನ್‌ರೂಡ್ ಅವರು 1909ರಲ್ಲಿ ವ್ಯಾಪಾರಯೋಗ್ಯ ರೂಪದಲ್ಲಿ ಮಾರುಕಟ್ಟೆಗೆ ತಂದರು. ಆ ಹೆಸರಿನ ಎಂಜಿನುಗಳ ತಯಾರಿಕೆ 2020ರಲ್ಲಿ ನಿಂತುಹೋಯಿತು. ಆದರೂ 1950 ಮತ್ತು 60ರ ದಶಕಗಳ ಜಾನ್ಸನ್ ಹಾಗೂ ಎವಿನ್‌ರೂಡ್ ಅವಳಿ ಸಿಲಿಂಡರ್ ಮೋಟಾರುಗಳು ಅಮೆರಿಕ, ಕೆನಡಾಗಳ ಸರೋವರಗಳಲ್ಲಿ ಇನ್ನೂ ಓಡುತ್ತಿವೆ. ಅವುಗಳ ಪಾಯಿಂಟ್, ಕಂಡೆನ್ಸರ್, ಕಾಯಿಲುಗಳನ್ನು ಮೂಲ ತಯಾರಕರಲ್ಲದ ಇತರರೂ ತಯಾರಿಸಿ ಮಾರುತ್ತಿರುವುದು ಬಿಡಿಭಾಗಗಳ ವ್ಯವಹಾರ ಬಲ್ಲವರಿಗೆ ಗಮನಾರ್ಹ ಸಂಗತಿ.

ಇಂತಹ ಮೋಟಾರು ಚಾಲೂ ಆಗದಿದ್ದರೆ ಮೊದಲು ಕಾಯಿಲ್, ಅನಂತರ ಕಾರ್ಬುರೇಟರ್ ಬದಲಿಸುವುದು ರೂಢಿ. ಗಿರಾಕಿ ಹಣ ಕಳೆದುಕೊಳ್ಳುತ್ತಾನೆ, ಕಾರ್ಯಾಗಾರದವನು ಹೆಸರು ಕಳೆದುಕೊಳ್ಳುತ್ತಾನೆ. ಅನೇಕ ವೇಳೆ ದೋಷವಿರುವುದು ಪಾಯಿಂಟಿನ ನಡುವಣ ಕೂದಲೆಳೆಯಷ್ಟು ಅಂತರದಲ್ಲಿ.

ಈ ಮೋಟಾರುಗಳಲ್ಲಿ ಬ್ಯಾಟರಿಯ ಅಗತ್ಯವಿಲ್ಲದ ಮ್ಯಾಗ್ನೆಟೊ ಇರುತ್ತದೆ. ಫ್ಲೈವೀಲಿನ ಅಯಸ್ಕಾಂತವು ಕಾಯಿಲಿನ ಬಳಿ ಹಾದುಹೋಗುವಾಗ, ಪಾಯಿಂಟ್ ಮುಚ್ಚಿದ್ದರೆ ಕಾಯಿಲಿನ ಒಳಸುತ್ತಿನಲ್ಲಿ ವಿದ್ಯುತ್ ಹರಿಯುತ್ತದೆ. ಅದು ಗರಿಷ್ಠ ಮಟ್ಟದಲ್ಲಿರುವಾಗ ಪಾಯಿಂಟ್ ತೆರೆದುಕೊಳ್ಳಬೇಕು. ಆ ಕ್ಷಣದಲ್ಲೇ ಹೊರಸುತ್ತಿನಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಹೀಗಾಗಿ ಅಂತರವೆಂಬುದು ಕೇವಲ ಅಗಲದ ಅಳತೆಯಲ್ಲ, ಅದು ಸಮಯದ ಅಳತೆ. ಅಂತರ ಹೆಚ್ಚಾದರೆ ಪಾಯಿಂಟ್ ಬೇಗ ತೆರೆದು ಕಿಡಿ ಮುಂಚಿತವಾಗುತ್ತದೆ. ಕಡಿಮೆಯಾದರೆ ಕಿಡಿ ತಡವಾಗುವುದಲ್ಲದೆ ಪಾಯಿಂಟಿನ ಮುಖವೂ ಸುಟ್ಟು ಗುಳಿ ಬೀಳುತ್ತದೆ. ಕ್ಯಾಮಿನ ಮೇಲೆ ಉಜ್ಜುವ ಫೈಬರ್ ತುಂಡು ಸವೆದಂತೆಲ್ಲ ಅಂತರ ತಾನಾಗಿಯೇ ಕಿರಿದಾಗುವುದರಿಂದ, ಮುಟ್ಟದೇ ಇಟ್ಟ ಮೋಟಾರಿನ ಸಮಯವೂ ಓಡಿದಷ್ಟು ಹಿಂದಕ್ಕೆ ಸರಿಯುತ್ತದೆ.

ಕೆಲಸದ ಆರಂಭ ಫ್ಲೈವೀಲಿನಿಂದ. ಅದನ್ನು ಮಧ್ಯಭಾಗದ ರಂಧ್ರಗಳಿಗೆ ಬೋಲ್ಟ್ ತಿರುಗಿಸುವ ಪುಲ್ಲರಿನಿಂದಲೇ ಎಳೆಯತಕ್ಕದ್ದು. ಅಂಚಿಗೆ ಕೊಕ್ಕೆ ಹಾಕಿ ಎಳೆದರೆ ಬಿರುಕು ಬಿಡಬಹುದು. ಕೀಲಿ ಅರ್ಧ ಕತ್ತರಿಸಿದ್ದರೆ ಕಿಡಿ ಮತ್ತು ಪಿಸ್ಟನಿನ ಹೊಂದಾಣಿಕೆಯೇ ತಪ್ಪಿರುತ್ತದೆ, ಆದುದರಿಂದ ಮೊದಲು ಅದನ್ನು ನೋಡಬೇಕು. ಕ್ರ್ಯಾಂಕನ್ನು ಮೇಲಿನಿಂದ ನೋಡಿದಾಗ ಗಡಿಯಾರದ ದಿಕ್ಕಿನಲ್ಲಿ ತಿರುಗಿಸಿ, ಫೈಬರ್ ತುಂಡನ್ನು ಕ್ಯಾಮಿನ ಅತಿ ಎತ್ತರದ ಭಾಗಕ್ಕೆ ತಂದು, 0.020 ಇಂಚು, ಅಂದರೆ ಸುಮಾರು 0.5 ಮಿ.ಮೀ. ಫೀಲರ್ ಪಟ್ಟಿ ಲಘುವಾಗಿ ಉಜ್ಜುವಂತೆ ಅಂತರವನ್ನಿಟ್ಟು ತಿರುಪು ಬಿಗಿಯಬೇಕು. ಬಿಗಿಯುವಾಗಲೇ ಅಂತರ ಬದಲಾಗುವುದುಂಟು, ಮತ್ತೊಮ್ಮೆ ಅಳೆಯುವುದು ಅವಶ್ಯ. ಪಟ್ಟಿಯ ಎಣ್ಣೆ ಪಾಯಿಂಟಿಗೆ ಅಂಟಿದರೆ ಹೊಚ್ಚಹೊಸ ಪಾಯಿಂಟೂ ಕಿಡಿ ಕೊಡದು. ಅಸಿಟೋನಿನಲ್ಲಿ ಅದ್ದಿದ ಶುಭ್ರವಾದ ಕಾಗದವನ್ನು ನಡುವೆ ಎಳೆದರೆ ಸಾಕು.

ಅವಳಿ ಸಿಲಿಂಡರಿನಲ್ಲಿ ಎರಡು ಪಾಯಿಂಟುಗಳು ಒಂದೇ ಕ್ಯಾಮಿನ ಮೇಲೆ ಎದುರುಬದುರಾಗಿ ಕೆಲಸ ಮಾಡುತ್ತವೆ. ಎರಡರ ಅಂತರವೂ ಸಮನಾಗಿಲ್ಲದಿದ್ದರೆ ಒಂದು ಸಿಲಿಂಡರ್ ಬೇಗ, ಇನ್ನೊಂದು ತಡವಾಗಿ ಉರಿದು ನಿಧಾನಗತಿಯಲ್ಲಿ ಎಂಜಿನು ಕುಂಟುತ್ತದೆ. ಇಲ್ಲಿ ಫೀಲರ್ ಪಟ್ಟಿಯನ್ನಷ್ಟೇ ನಂಬುವುದು ನಮ್ಮ ಅಭಿಪ್ರಾಯದಲ್ಲಿ ಸಾಲದು. ಕಾಯಿಲ್ ಮತ್ತು ಕಂಡೆನ್ಸರಿನ ತಂತಿಗಳನ್ನು ಬಿಡಿಸಿ, ಪಾಯಿಂಟಿಗೆ ಬ್ಯಾಟರಿಯೊಡನೆ ಸಣ್ಣ ಬಲ್ಬನ್ನು ಜೋಡಿಸಿದರೆ, ಅದು ಆರುವ ಕ್ಷಣವೇ ಪಾಯಿಂಟ್ ತೆರೆಯುವ ಕ್ಷಣ. ಅಡಿಯ ತಟ್ಟೆಯಲ್ಲಿ ಸಮಯದ ಗುರುತುಗಳಿರುವ ಮಾದರಿಗಳಲ್ಲಿ ಎರಡನ್ನೂ ಆ ಗುರುತಿಗೆ ಸರಿಹೊಂದಿಸಬಹುದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ್ದರೂ, ಅಲ್ಲಿಯ ಅವಳಿ ಸಿಲಿಂಡರಿನ ಯೆಜ್ಡಿಯ ಪಾಯಿಂಟ್ ಕೂರಿಸಿದ ಮೆಕ್ಯಾನಿಕ್ಕುಗಳಿಗೆ ಈ ಬಲ್ಬಿನ ಉಪಾಯ ಹೊಸದೇನಲ್ಲ.

ಕಿಡಿಯನ್ನು ಮುಂದೆ-ಹಿಂದೆ ಮಾಡುವ ಕೆಲಸ ವೇಗದ ಹಿಡಿಯದು. ಅದು ಪಾಯಿಂಟುಗಳಿರುವ ತಟ್ಟೆಯನ್ನೇ ತಿರುಗಿಸಿ, ಜೊತೆಗೆ ಕಾರ್ಬುರೇಟರನ್ನೂ ತೆರೆಯುತ್ತದೆ. ಈ ಸಂಪರ್ಕದ ಕೀಲುಗಳು ಸಡಿಲವಾಗಿದ್ದಲ್ಲಿ ಪಾಯಿಂಟಿನ ಶ್ರಮವೆಲ್ಲ ವ್ಯರ್ಥ.

ಜೋಡಿಸುವಾಗ ಶಂಕುವಿನಾಕಾರದ ಶಾಫ್ಟನ್ನು ಎಣ್ಣೆಯಿಲ್ಲದಂತೆ ಒರೆಸಿ, ನಟ್ಟನ್ನು ಆಯಾ ಮಾದರಿಯ ಕೈಪಿಡಿಯಲ್ಲಿ ಹೇಳಿದ ಬಲಕ್ಕೆ ಬಿಗಿಯಬೇಕು. ಕಿಡಿ ಸುಮಾರು ಕಾಲು ಇಂಚು ಹಾರಿದರೆ ತೃಪ್ತಿಕರ. ಈ ಪರೀಕ್ಷೆಯನ್ನು ಪೆಟ್ರೋಲಿನಿಂದ ದೂರದಲ್ಲಿಯೇ ಮಾಡಬೇಕು. ಎಂಜಿನನ್ನು ನೀರು ತುಂಬಿದ ಪೀಪಾಯಿಯಲ್ಲಿಟ್ಟೇ ಚಾಲೂ ಮಾಡಬೇಕು, ಒಣಗಿ ಓಡಿದರೆ ನೀರೆತ್ತುವ ರಬ್ಬರ್ ಇಂಪೆಲ್ಲರ್ ಅಲ್ಪಕಾಲದಲ್ಲೇ ಹಾಳಾಗುತ್ತದೆ.